ದೊಡ್ಡಪ್ಪನ ಕೆಂಪು ದೀಪ

ಆ ಮನೆಯಲ್ಲಿ ದೊಡ್ಡಪ್ಪ ಎಂದರೆ ಮನುಷ್ಯನಲ್ಲ, ಜೀಪು. ಯಾವುದೋ ಸರ್ವೆ ಕಚೇರಿ ಹರಾಜಿಗೆ ಹಾಕಿದ್ದ, ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಡೀಸೆಲ್ಲಿನ ಹಳೇ ಗಾಡಿ. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮುತ್ತಿತ್ತು, ಹೊಗೆ ಬಿಡುತ್ತಿತ್ತು, ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತಿತ್ತು. ಆದರೂ ಅದನ್ನು ಬಿಟ್ಟು ಮನೆಯ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಅದಕ್ಕೇ ಆ ಹೆಸರು.

ಮನೆ ಎರಡಂತಸ್ತಿನದು. ಮೇಲೆ ದಂತವೈದ್ಯರು ಮತ್ತು ಅವರ ಹೆಂಡತಿ. ಆಕೆ ಹುಡುಗಿಯರ ವಾಲಿಬಾಲ್ ತಂಡಕ್ಕೆ ಕೋಚ್ ಆಗಿದ್ದರಿಂದ ಬೀದಿಯವರೆಲ್ಲ ಕೋಚಮ್ಮ ಎಂದೇ ಕರೆಯುತ್ತಿದ್ದರು. ಕೆಳಗೆ ಡಾಕ್ಟರ ಅಕ್ಕ ಮತ್ತು ಭಾವ. ಭಾವನದು ಹಾಸಿಗೆ ಅಂಗಡಿ. ಹತ್ತಿಯದು, ನಾರಿನದು, ಫೋಮಿನದು, ಯಾವುದೇ ಇರಲಿ, ತಾವೇ ಮಲಗಿ ಪರೀಕ್ಷೆ ಮಾಡಿದ ಮೇಲೆಯೇ ಮಾರುತ್ತಿದ್ದರು. ಎಷ್ಟೋ ಸಲ ಗಿರಾಕಿಗಳೇ ಬಂದು ಅವರನ್ನು ಎಬ್ಬಿಸಬೇಕಾಗುತ್ತಿತ್ತು. ಲೋಕದ ಜಗಳಗಳಲ್ಲಿ ಮುಕ್ಕಾಲು ಪಾಲು ನಿದ್ದೆಗೆಟ್ಟವರು ಶುರುಮಾಡಿದ್ದು ಎಂಬುದು ಭಾವನ ನಂಬಿಕೆ. ಆದ್ದರಿಂದ ಮನೆಯಲ್ಲಿ ಯಾರ ದನಿ ಸ್ವಲ್ಪ ಏರಿದರೂ ಅವರು ಎದ್ದು ಹೋಗಿ ಏನಾದರೊಂದು ಮಾಡಿ ಅದನ್ನು ಇಳಿಸಿ ಬರುತ್ತಿದ್ದರು. ಈ ಸಲ ಎಲ್ಲಕ್ಕೂ ಮೂಲವಾದದ್ದು ಅವರ ಈ ಒಳ್ಳೆಯ ಗುಣವೇ.

ದೊಡ್ಡಪ್ಪನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರವಿದ್ದ ಒಂದು ಪುಟ್ಟ ಕೆಂಪು ದೀಪವಿತ್ತು. ಕೀ ತಿರುಗಿಸಿದರೆ ಹತ್ತುತ್ತಿತ್ತು, ಎಂಜಿನ್ ಶುರುವಾದ ಮೇಲೆ ಆರುತ್ತಿತ್ತು. ಎಲ್ಲ ಗಾಡಿಗಳಲ್ಲೂ ಹಾಗೆಯೇ. ಆದರೆ ಅಕ್ಕ ಅದನ್ನು ಒಪ್ಪಲಿಲ್ಲ.

"ಕೆಂಪು ಅಂದ್ರೆ ಕೆಂಪೇ," ಎನ್ನುತ್ತಿದ್ದರು. "ಹಸಿರು ಹಾಕೋಕೆ ಇವರಿಗೇನು ರೋಗ?"

ದೀಪ ಹತ್ತಿದ ಕೂಡಲೇ ಅಕ್ಕನ ಒಂದು ಕೈ ಬಾಗಿಲ ಹಿಡಿಯ ಮೇಲೆ, ಇನ್ನೊಂದು ಭಾವನ ತೋಳಿನ ಮೇಲೆ. ಅದು ಆರಿದ ಮೇಲೂ, "ಯಾಕೆ ಆರಿತು? ಕೆಟ್ಟುಹೋಯ್ತಾ?" ಎಂದು ಕೇಳುತ್ತಿದ್ದರು. ಭಾವ ಎಷ್ಟು ಸಮಾಧಾನ ಹೇಳಿದರೂ ಪ್ರತಿ ಪ್ರಯಾಣವೂ ಒಂದು ಗಂಡಾಂತರದಂತೆ ಆರಂಭವಾಗುತ್ತಿತ್ತು. ಕೊನೆಗೆ ಒಂದು ರಜೆಯ ಬೆಳಿಗ್ಗೆ ಭಾವ ಡ್ಯಾಶ್‌ಬೋರ್ಡಿನ ಅಡಿಗೆ ಕೈಹಾಕಿ, ತಡಕಾಡಿ, ಆ ಬಲ್ಬನ್ನು ಹೊರಗೆಳೆದರು. ತೂತು ಖಾಲಿಯಿದ್ದರೆ ಚೆನ್ನಾಗಿರುವುದಿಲ್ಲವೆಂದು ತಮ್ಮ ಅಂಗಡಿಯ ಗುಲಾಬಿ ಬಣ್ಣದ ಫೋಮಿನ ಒಂದು ಚೂರನ್ನು ಅಲ್ಲಿಗೆ ತುರುಕಿದರು. ಬಲ್ಬನ್ನು ಕನ್ನಡಕದ ಡಬ್ಬಿಯೊಳಗಿಟ್ಟರು.

ಮುಂದಿನ ಸಲ ಕೀ ತಿರುಗಿಸಿದಾಗ ಏನೂ ಹತ್ತಲಿಲ್ಲ. ಅಕ್ಕ ಬೆರಗಾದರು.

"ಏನ್ರೀ ಮಾಡಿದ್ರಿ ಅದಕ್ಕೆ?"

"ಬುದ್ಧಿ ಹೇಳಿದೆ," ಎಂದರು ಭಾವ.

ಅಕ್ಕ ನಂಬಿದರು. ಗಂಡನ ಮಾತಿಗೆ ಹಾಸಿಗೆ ಗಿರಾಕಿಗಳು ಮರುಳಾಗುವುದನ್ನು ಅವರು ಕಣ್ಣಾರೆ ಕಂಡಿದ್ದರು. ಮನೆ ಶಾಂತವಾಯಿತು. ಹೆದರಿಸುವುದಲ್ಲದೆ ಆ ಬಲ್ಬಿಗೆ ಬೇರೊಂದು ಉದ್ಯೋಗವೂ ಇದೆ ಎಂಬುದು ಭಾವನಿಗೆ ಗೊತ್ತಿರಲಿಲ್ಲ.

ತೊಂದರೆ ಶುರುವಾದದ್ದು ಡಾಕ್ಟರಿಗೆ. ಡಾಕ್ಟರು ಬಹಳ ಮೃದು ಕೈಯವರು. ಹಲ್ಲು ಕಿತ್ತದ್ದು ರೋಗಿಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ಹೆಸರು. ಗಾಡಿಯನ್ನೂ ಹಾಗೆಯೇ ಓಡಿಸುತ್ತಿದ್ದರು. ಎಂಜಿನ್ ಉಸಿರೆತ್ತುವ ಮೊದಲೇ ಮೇಲಿನ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಹೆಬ್ಬೆರಳ ತುದಿಯಿಂದ ಒತ್ತುತ್ತ, ಕುರ್ಚಿಯಲ್ಲಿ ಬಾಯಿ ತೆರೆದು ಕೂತ ರೋಗಿಯನ್ನು ಸಾಗಿಸುವಂತೆ ಸಾಗಿಸುತ್ತಿದ್ದರು. ಮೊದಲು ಹಾರ್ನ್ ಕೆಟ್ಟಿತು. ಒತ್ತಿದರೆ ನೆಗಡಿಯಾದ ಮೇಕೆಯಂತೆ ಕ್ಷೀಣವಾಗಿ ಅರಚಿತು. ಆಮೇಲೆ ಕ್ಲಿನಿಕ್ಕಿನ ಮುಂದೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಹೊಡೆದರೆ ಕಟಕಟ ಎಂದು ಹಲ್ಲು ಕಡಿಯುವ ಸದ್ದು ಮಾತ್ರ. ಕೊನೆಗೆ ಒಳಗೆ ಕಾಯುತ್ತಿದ್ದ ರೋಗಿಗಳೇ ಬಂದು, ಒಂದು ಕೈಯಲ್ಲಿ ಊದಿದ ಕೆನ್ನೆ ಹಿಡಿದು ಇನ್ನೊಂದು ಕೈಯಲ್ಲಿ ಗಾಡಿ ತಳ್ಳಿದರು.

"ಬ್ಯಾಟರಿ ಹೋಗಿದೆ," ಎಂದು ಡಾಕ್ಟರು ಮನೆಗೆ ಬಂದು ಹೇಳಿದರು.

"ನಂಗೆ ಚೆನ್ನಾಗೇ ಇತ್ತಲ್ಲ," ಎಂದರು ಕೋಚಮ್ಮ.

ಮಜಾ ಇದ್ದದ್ದು ಅಲ್ಲಿಯೇ. ಕೋಚಮ್ಮ ಗಾಡಿ ತೆಗೆದ ದಿನ ಏನೂ ಆಗುತ್ತಿರಲಿಲ್ಲ. ಅವರು ಗಾಡಿ ಹತ್ತಿದರೆಂದರೆ ಬೀದಿಯ ನಾಯಿಗಳು ಮೊದಲೇ ಎದ್ದು ದಾರಿ ಬಿಡುತ್ತಿದ್ದವು. ಎಂಜಿನ್ ಶುರುಮಾಡಿದ ಕೂಡಲೇ ಮೂರು ಸಲ ಜೋರಾಗಿ ರೇಸ್ ಮಾಡಿ, ಆಟಕ್ಕೆ ಮುಂಚೆ ಮೈ ಬಿಸಿಮಾಡಿಕೊಳ್ಳದೆ ಇಳಿಯಬಾರದು ಎನ್ನುತ್ತ, ಗುಂಡು ಹಾರಿದ ಹಾಗೆ ಹೊರಡುತ್ತಿದ್ದರು. ಆಗ ಡ್ಯಾಶ್‌ಬೋರ್ಡಿನ ವೋಲ್ಟ್ ಮೀಟರಿನ ಮುಳ್ಳು ಸೆಟೆದು ನಿಲ್ಲುತ್ತಿತ್ತು, ಹಾರ್ನು ಮೊಳಗುತ್ತಿತ್ತು, ದೀಪಗಳು ಕಣ್ಣು ಕುಕ್ಕುತ್ತಿದ್ದವು. ಮರುದಿನ ಅದೇ ಗಾಡಿಯನ್ನು ಡಾಕ್ಟರು ತೆಗೆದರೆ ಮುಳ್ಳು ಮೆಲ್ಲಗೆ ಮಲಗುತ್ತಿತ್ತು.

"ದೊಡ್ಡಪ್ಪಂಗೆ ನಾನಂದ್ರೆ ಇಷ್ಟ," ಎಂದು ಕೋಚಮ್ಮ ಮೇಲಿನ ಮನೆಯಲ್ಲಿ ಹೇಳಿದ್ದು ಎದುರುಮನೆಯವರೆಗೂ ಹೋಯಿತು. "ಧೈರ್ಯವಾಗಿ ಓಡಿಸೋರು ಯಾರು ಅಂತ ಗಾಡಿಗೂ ಗೊತ್ತಾಗುತ್ತೆ."

ಡಾಕ್ಟರು ಆ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಒಂದೆರಡು ದಿನ ಗಂಡ ಹೆಂಡತಿ ಉಪ್ಪು ಸಕ್ಕರೆ ಕೇಳುವುದಕ್ಕೂ ಭಾವನ ಮೂಲಕವೇ ಮಾತಾಡಿದರು. ಭಾವ ಮೆಟ್ಟಿಲು ಹತ್ತಿ ಇಳಿದು ಬೆವರಿದರು. ಮಧ್ಯೆ ಮಧ್ಯೆ ತಮ್ಮ ಅಭಿಪ್ರಾಯವನ್ನೂ ಹೇಳಿದರು. "ಗಾಡಿಗೂ ನಿದ್ದೆ ಸಾಲ್ತಿಲ್ಲ ಅನ್ಸುತ್ತೆ."

ವೋಲ್ಟಣ್ಣನನ್ನು ಕರೆಸಿದರು. ಗಾಡಿಗಳ ಕರೆಂಟು ಕೆಲಸ ಮಾಡುವ ಆತ ದೊಡ್ಡ ಮೀಸೆಯ, ಅದಕ್ಕಿಂತ ದೊಡ್ಡ ಬಾಯಿಯ ಮನುಷ್ಯ. ಬಾನೆಟ್ ಎತ್ತುವ ಮೊದಲೇ ಕಾಯಿಲೆ ಹೇಳಿಬಿಡುವುದು ಅವನ ಪದ್ಧತಿ.

"ಬ್ಯಾಟರಿ," ಎಂದ. ಹೊಸ ಬ್ಯಾಟರಿ ಬಂತು. ಎಂಜಿನ್ ಶುರುಮಾಡಿಸಿ, "ರೇಸ್ ಮಾಡಿ ಸಾರ್, ಚೆನ್ನಾಗಿ ರೇಸ್ ಮಾಡಿ," ಎಂದು ಮೀಟರು ಇಟ್ಟು ನೋಡಿದ. "ಹದಿನಾಲ್ಕು ವೋಲ್ಟ್. ಚಾರ್ಜ್ ಚೆನ್ನಾಗಾಗ್ತಿದೆ. ಕಲ್ಲುಗುಂಡು." ಡಾಕ್ಟರು ಆ ಗಾಡಿಯಲ್ಲಿ ಕ್ಲಿನಿಕ್ಕಿಗೆ ಹೋಗಿ ಬಂದರು, ಮೂರನೆಯ ದಿನ ರೋಗಿಗಳು ಮತ್ತೆ ತಳ್ಳಿದರು.

"ಬೆಲ್ಟು," ಎಂದ. ಎಂಜಿನ್ನಿಗೂ, ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿಗೂ ಸುತ್ತಿದ ಬೆಲ್ಟು ಸಡಿಲವಾಗಿ ಕಿರುಗುಟ್ಟುತ್ತಿದ್ದದ್ದು ನಿಜವೇ. ಹೊಸದು ಹಾಕಿ ಬಿಗಿದ. ರೇಸ್ ಮಾಡಿ ನೋಡಿದ. ಹದಿನಾಲ್ಕು ವೋಲ್ಟ್. ಮತ್ತೆ ಅದೇ ಕಥೆ.

ಮೂರನೆಯ ಸಲ ಆಲ್ಟರ್ನೇಟರನ್ನೇ ಬಿಚ್ಚಿ ಹಳೇ ಪತ್ರಿಕೆಯ ಮೇಲೆ ಹರಡಿ ಕೂತ. ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದು ಪೆನ್ಸಿಲ್ ಚೂರಿನಷ್ಟಾಗಿದ್ದವು. "ನೋಡಿ, ಇದೇ ಕಳ್ಳ," ಎಂದು ಎಲ್ಲರ ಮೂಗಿನ ಕೆಳಗೂ ಹಿಡಿದು ತೋರಿಸಿದ. ಹೊಸ ಬ್ರಷ್ ಹಾಕಿ, ಮಸಿ ಒರೆಸಿ, ಜೋಡಿಸಿ, ರೇಸ್ ಮಾಡಿಸಿದ. ಹದಿನಾಲ್ಕು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ಡಾಕ್ಟರು ಆ ವಾರದ ಕೊನೆಯಲ್ಲಿ, ಗಾಡಿ ಮತ್ತೆ ನಿಂತಾಗ, ನಡುರಸ್ತೆಯಲ್ಲಿ ಒಬ್ಬರೇ ಹೇಳಿಕೊಂಡರು. ಆದರೆ ತಳ್ಳುವವರು ಬರುವವರೆಗೆ ಕೂತು ಯೋಚನೆ ಮಾಡುವಾಗ ಅವರಿಗೊಂದು ವಿಷಯ ಹೊಳೆಯಿತು. ರಾತ್ರಿಯೆಲ್ಲ ಕೊಲ್ಲುವ ಹಲ್ಲುನೋವು ಡಾಕ್ಟರ ಕುರ್ಚಿಯಲ್ಲಿ ಕೂತ ಕೂಡಲೇ ಮಾಯವಾಗುತ್ತದೆ. ಅದನ್ನು ಹಿಡಿಯಬೇಕಾದರೆ ರೋಗಿ ಮನೆಯಲ್ಲಿ ಏನು ಮಾಡುವಾಗ ನೋವು ಬರುತ್ತದೋ ಅದನ್ನೇ ಮಾಡಿಸಬೇಕು.

"ನೋಡಯ್ಯ," ಎಂದರು ವೋಲ್ಟಣ್ಣನಿಗೆ. "ನೀನು ಪ್ರತಿ ಸಲ ರೇಸ್ ಮಾಡ್ಸಿ ನೋಡ್ತೀಯ. ನಾನು ರೇಸ್ ಮಾಡೋನೇ ಅಲ್ಲ. ಒಂದ್ಸಲ ನಾನು ಓಡ್ಸೋ ಹಾಗೆ ಓಡ್ಸಿ ನೋಡೋಣ."

"ನೀವು ಓಡ್ಸೋದನ್ನ ಓಡ್ಸೋದು ಅನ್ನೋಕಾಗಲ್ಲ ಸಾರ್," ಎಂದ ವೋಲ್ಟಣ್ಣ. ಆದರೂ ಮೀಟರು ಹಿಡಿದು ನಿಂತ.

ಡಾಕ್ಟರು ಮೆಲ್ಲಗೆ ಸ್ಟಾರ್ಟ್ ಮಾಡಿ ಪಾದವನ್ನು ಹಾಗೇ ಇಟ್ಟರು. ಎಂಜಿನ್ ಗುಡುಗುಡು ಎನ್ನುತ್ತಿತ್ತು. ಮೀಟರು ಹನ್ನೆರಡೂವರೆ ತೋರಿಸಿ, ಅಲ್ಲಿಂದ ಕೆಳಗಿಳಿಯುತ್ತ ಹೋಯಿತು. ವೋಲ್ಟಣ್ಣನ ಮೀಸೆಯೂ ಇಳಿಯಿತು. "ಈಗ ರೇಸ್ ಮಾಡಿ." ಮಾಡಿದರು. ಮುಳ್ಳು ಒಮ್ಮೆಲೇ ಹದಿನಾಲ್ಕಕ್ಕೆ ನೆಗೆಯಿತು. ಪಾದ ತೆಗೆದರೂ ಅಲ್ಲೇ ನಿಂತಿತು. ಆರಿಸಿ ಮತ್ತೆ ಮೆಲ್ಲಗೆ ಶುರುಮಾಡಿದರೆ ಮತ್ತೆ ಹನ್ನೆರಡೂವರೆ.

"ಓಹೋಹೋ," ಎಂದು ವೋಲ್ಟಣ್ಣ ಆಲ್ಟರ್ನೇಟರಿನ ಬೆನ್ನಿಗಿದ್ದ ಒಂದು ಸಣ್ಣ ತಂತಿಯನ್ನು ಎರಡು ಬೆರಳಲ್ಲಿ ಹಿಡಿದ. ಕೀ ತಿರುಗಿಸಿದಾಗ ಅದರಲ್ಲಿ ಒಂದಿಷ್ಟು ಕರೆಂಟು ಬರಬೇಕಿತ್ತು. ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದ. ಹತ್ತಲಿಲ್ಲ.

"ಆಲ್ಟರ್ನೇಟರು ಸೋಮಾರಿ ಸಾರ್. ಬೆಳಿಗ್ಗೆ ಯಾರಾದ್ರೂ ಎಬ್ಬಿಸ್ಬೇಕು. ಈ ತಂತೀಲಿ ಬರೋ ಸಣ್ಣ ಕರೆಂಟೇ ಅದನ್ನ ಎಬ್ಬಿಸೋದು. ಇದು ಬರ್ದೇ ಇದ್ರೆ ಮಲ್ಗೇ ಇರುತ್ತೆ. ಜೋರಾಗಿ ರೇಸ್ ಮಾಡಿದ್ರೆ ಗಲಾಟೆಗೆ ತಾನೇ ಎದ್ಬಿಡುತ್ತೆ, ಒಂದ್ಸಲ ಎದ್ರೆ ಗಾಡಿ ಆರ್ಸೋವರ್ಗೂ ಕೆಲ್ಸ ಮಾಡುತ್ತೆ. ಕೋಚಮ್ಮಂಗೆ ಕೆಲ್ಸ ಮಾಡಿ ನಿಮಗೆ ಮಾಡ್ದೇ ಇರೋದು ಅದಕ್ಕೇ."

ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದ ಭಾವನಿಗೆ ಇದು ಬಹಳ ಇಷ್ಟವಾಯಿತು. ನಿದ್ದೆಯ ವಿಷಯ ತಾವು ಮೊದಲೇ ಹೇಳಿದ್ದರಲ್ಲ.

"ಆ ಕರೆಂಟು ಎಲ್ಲಿಂದ ಬರುತ್ತೆ?" ಎಂದು ಡಾಕ್ಟರು ಕೇಳಿದರು.

"ಡ್ಯಾಶ್‌ಬೋರ್ಡಲ್ಲಿ ಕೆಂಪು ಬಲ್ಬಿದೆಯಲ್ಲ ಸಾರ್, ಅದರ ಮೂಲಕವೇ. ಬಲ್ಬು ಸುಟ್ಟಿರ್ಬೇಕು, ಇಲ್ಲಾ ತಂತಿ ಕಿತ್ತಿರ್ಬೇಕು. ನಾಳೆ ಬೆಳಿಗ್ಗೆ ಬಂದು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ತೀನಿ."

ಭಾವನ ಕೈ ತಾನಾಗಿಯೇ ಜೇಬಿನ ಕನ್ನಡಕದ ಡಬ್ಬಿಯನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಿಗೂ ಅಷ್ಟು ಬೇಗ ಕೈ ಹೋಗಿರಲಿಕ್ಕಿಲ್ಲ.

ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಡಾಕ್ಟರಿಗೆ ಬೇಸರ, ಕೋಚಮ್ಮನಿಗೆ ನಗು, ಅಕ್ಕನಿಗಂತೂ ಗಂಡನ ಮೇಲಿನ ನಂಬಿಕೆಯೇ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾರಿಗೂ ಗೊತ್ತಾಗದಂತೆ ಬಲ್ಬನ್ನು ಮೊದಲಿದ್ದಲ್ಲಿಗೆ ಸೇರಿಸಿಬಿಟ್ಟರೆ ಮುಗಿಯಿತು. ಮಧ್ಯಾಹ್ನ ಊಟವಾಗಿ ಎಲ್ಲರೂ ಒರಗಿದ ಹೊತ್ತಿಗೆ ಭಾವ ಸದ್ದಿಲ್ಲದೆ ಹೊರಬಂದರು.

ಬಲ್ಬು ತೆಗೆಯುವಾಗ ಕೈ ಹೋದ ಜಾಗಕ್ಕೆ, ಹಾಕುವಾಗ ಕೈ ಹೋಗಲಿಲ್ಲ. ಫೋಮು ಉಬ್ಬಿ ತೂತಿನಲ್ಲಿ ಗಟ್ಟಿಯಾಗಿ ಕೂತಿತ್ತು. ಕೊನೆಗೆ ಭಾವ ಎಡಗಡೆಯ ಸೀಟಿನ ಮುಂದೆ ನೆಲದ ಮೇಲೆ ಬೆನ್ನು ಹಾಕಿ, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿ, ಕಾಲುಗಳನ್ನು ಸೀಟಿನ ಬೆನ್ನಿಗೆ ಆನಿಸಿ ಮೇಲೆತ್ತಿದರು. ಹೊಟ್ಟೆ ಗೇರಿನ ಕಡೆಗೆ ವಾಲಿತು. ಬೆರಳು ಫೋಮಿಗೆ ತಾಗಿತು. ಅಷ್ಟರಲ್ಲಿ ಅಂಗಿಯ ಗುಂಡಿಯೊಂದು ಯಾವುದೋ ವೈರಿನ ಕಟ್ಟಿಗೆ ಸಿಕ್ಕಿಕೊಂಡಿತು. ಮೇಲೇಳಲೂ ಆಗದು, ಕೆಳಗಿಳಿಯಲೂ ಆಗದು.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಚೆಂಡುಗಳ ಚೀಲ ದಢಾರನೆ ಬಿತ್ತು, ಬಲೆ ಬಿತ್ತು. ಕೋಚಮ್ಮ ಬಂದು ಸ್ಟೇರಿಂಗ್ ಮುಂದೆ ಕೂತು ಪಕ್ಕಕ್ಕೆ ತಿರುಗಿದರು. ಪಕ್ಕದ ಸೀಟಿನಲ್ಲಿ ಬೂದು ಬಣ್ಣದ ಕಾಲುಚೀಲ ಹಾಕಿದ ಎರಡು ಕಾಲುಗಳು ಮೇಲ್ಮುಖವಾಗಿ ಕೂತಿದ್ದವು.

"ಅಣ್ಣ?"

"ಹೂಂ," ಎಂದು ಡ್ಯಾಶ್‌ಬೋರ್ಡಿನ ಅಡಿಯಿಂದ ಉತ್ತರ ಬಂತು.

"ಏನ್ ಮಾಡ್ತಿದೀರ?"

"ಸೊಂಟ. ಸೊಂಟಕ್ಕೆ ವ್ಯಾಯಾಮ."

ಬೇರೆ ಯಾರೇ ಆಗಿದ್ದರೂ ನಂಬುತ್ತಿರಲಿಲ್ಲ. ಆದರೆ ಕೋಚಮ್ಮ ಮದುವೆಯಾಗಿ ಬಂದ ದಿನದಿಂದ ಈ ಮನೆಯವರಿಗೆ ವ್ಯಾಯಾಮ ಮಾಡಿ ಎಂದು ಹೇಳಿ ಹೇಳಿ ಸೋತಿದ್ದರು. ಹಾಸಿಗೆ ಅಂಗಡಿಯ ಯಜಮಾನರು ತಾವಾಗಿಯೇ ಕಾಲೆತ್ತಿರುವುದನ್ನು ಕಂಡು ಅವರ ಮನಸ್ಸು ತುಂಬಿ ಬಂತು.

"ಮಂಡಿ ಮಡಚ್ಬೇಡಿ ಅಣ್ಣ. ನೆಟ್ಟಗಿಡಿ. ಹಾಂ, ಹಾಗೆ. ಉಸಿರು ಬಿಡಿ. ನಂಗೆ ಹೊತ್ತಾಯ್ತು, ನೀವು ದಾರೀಲೇ ಮಾಡ್ಕೊಳ್ಳಿ."

"ಬೇಡಮ್ಮ, ಇಳಿದ್ಬಿಡ್ತೀನಿ."

"ಅರ್ಧಕ್ಕೆ ನಿಲ್ಲಿಸ್ಬಾರ್ದು, ನರ ಹಿಡ್ಕೊಳ್ಳುತ್ತೆ," ಎಂದು ಕೋಚಮ್ಮ ಮೂರು ಸಲ ರೇಸ್ ಮಾಡಿದರು. ಎಂಜಿನ್ನಿನ ಆರ್ಭಟ ನೇರವಾಗಿ ಭಾವನ ಕಿವಿಯೊಳಗೇ ಹೋಯಿತು. ಗಾಡಿ ಹೊರಟಿತು.

ಆಮೇಲೆ ಆದದ್ದನ್ನು ಭಾವ ಪೂರ್ತಿ ನೆನಪಿಟ್ಟುಕೊಂಡಿಲ್ಲ. ತಿರುವಿನಲ್ಲಿ ತಾವು ಒಂದು ಕಡೆಗೆ, ಹೊಟ್ಟೆ ಇನ್ನೊಂದು ಕಡೆಗೆ ಹೋದದ್ದು ನೆನಪಿದೆ. ಹಿಂದಿನಿಂದ ಒಂದೊಂದೇ ಚೆಂಡು ಉರುಳಿ ಬಂದು ಕೆನ್ನೆಗೆ ತಾಗಿ ನಿಂತದ್ದು ನೆನಪಿದೆ. ಆದರೆ ಹಿಡಿದ ಕೆಲಸವನ್ನು ಅವರು ಬಿಡಲಿಲ್ಲ. ರಸ್ತೆಯುಬ್ಬಿನ ಮೇಲೆ ಗಾಡಿ ನೆಗೆದಾಗ ಬೆರಳು ಒಳಗೆ ಹೋಯಿತು, ಫೋಮು ಹೊರಗೆ ಹಾರಿತು. ಮುಂದಿನ ಉಬ್ಬಿಗೆ ಬಲ್ಬು ಟಕ್ಕೆಂದು ತನ್ನ ಜಾಗದಲ್ಲಿ ಕೂತಿತು.

"ಆಯ್ತು," ಎಂದು ಭಾವ ಕೂಗಿಬಿಟ್ಟರು.

"ಎಷ್ಟಾಯ್ತು?" ಎಂದರು ಕೋಚಮ್ಮ.

"ಬೇಕಾದಷ್ಟಾಯ್ತು ಕಣಮ್ಮ."

ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಕೋಚಮ್ಮ ಎಂಜಿನ್ ಆರಿಸಿದರು. ರೈಲು ಹೋಯಿತು, ಕೀ ತಿರುಗಿಸಿದರು. ಎಂದೂ ಡ್ಯಾಶ್‌ಬೋರ್ಡ್ ನೋಡದ ಅವರ ಕಣ್ಣಿಗೆ, ಪಕ್ಕದ ಕಾಲುಗಳು ಒದ್ದಾಡುತ್ತಿದ್ದುದರಿಂದ ಆ ಕಡೆ ತಿರುಗಿದ್ದಾಗ, ಕೆಂಪು ದೀಪ ಕಂಡಿತು. ಅದರ ಕೆಳಗೆ, ಗೇರಿನ ಬುಡದಲ್ಲಿ, ಗುಲಾಬಿ ಬಣ್ಣದ ಫೋಮಿನ ಚೂರು ಬಿದ್ದಿತ್ತು. ಇಡೀ ಊರಿನಲ್ಲಿ ಆ ಬಣ್ಣದ ಫೋಮು ಮಾರುವವರು ಒಬ್ಬರೇ.

"ಅಣ್ಣ, ಇದು ನಿಮ್ಮ ಅಂಗಡೀದಲ್ವಾ?"

ತಲೆಕೆಳಗಾಗಿರುವ ಮನುಷ್ಯನಿಗೆ ಸುಳ್ಳು ಹೇಳುವುದು ಕಷ್ಟ. ಹೊಳೆದ ಒಂದು ಸುಳ್ಳನ್ನೂ ಭಾವ ವ್ಯಾಯಾಮಕ್ಕೆ ಖರ್ಚು ಮಾಡಿಯಾಗಿತ್ತು. ಅವರು ಅಕ್ಕನ ಹೆದರಿಕೆಯಿಂದ ಹಿಡಿದು ವೋಲ್ಟಣ್ಣನ ತಂತಿಯವರೆಗೆ ಎಲ್ಲವನ್ನೂ ಹೇಳಿದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಕೋಚಮ್ಮ ರೇಸ್ ಮಾಡದೆ, ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಎಂಜಿನ್ ಶುರುಮಾಡಿದರು. ಕೆಂಪು ದೀಪ ಆರಿತು. ವೋಲ್ಟ್ ಮುಳ್ಳು ತಾನಾಗಿಯೇ ಮೇಲೆದ್ದು ನಿಂತಿತು.

"ಅಂದ್ರೆ, ಇನ್ನು ಯಾರು ಓಡ್ಸಿದ್ರೂ ಚಾರ್ಜ್ ಆಗುತ್ತೆ."

"ಆಗುತ್ತೆ."

"ನಮ್ಮನೆಯವರು ಓಡ್ಸಿದ್ರೂ."

"ಡಾಕ್ಟ್ರಿಗೂ ಆಗುತ್ತೆ ಕಣಮ್ಮ. ಇನ್ನು ಜಗಳ ಇಲ್ಲ."

ಕೋಚಮ್ಮ ಹಳಿ ದಾಟಿ ಗೇರು ಬದಲಿಸಿದರು. ಆಮೇಲೆ, "ಅಣ್ಣ, ಅದನ್ನ ವಾಪಸ್ ತೆಗೀರಿ," ಎಂದರು.

"ಹಾಂ?"

"ನಮ್ಮ ತಂಡದ ಫೈನಲ್ ಮ್ಯಾಚ್ ಮುಗಿಯೋವರ್ಗೆ. ಗಾಡಿ ಕೈ ಕೊಡುತ್ತೆ ಅಂತ ಇವರು ಈಗ ಜಾಸ್ತಿ ಮುಟ್ತಿಲ್ಲ, ನಂಗೆ ಬೇಕಾದಾಗೆಲ್ಲ ಸಿಗ್ತಿದೆ. ಹುಡ್ಗೀರ ಪ್ರಾಕ್ಟೀಸು ಒಂದು ದಿನಾನೂ ಲೇಟಾಗಿಲ್ಲ. ಅಲ್ದೆ ದೊಡ್ಡಪ್ಪಂಗೆ ನಾನಂದ್ರೆ ಇಷ್ಟ ಅಂತ ಇಡೀ ಬೀದಿಗೆ ಹೇಳ್ಕೊಂಡು ಬಂದಿದೀನಿ. ಬರೀ ರೇಸ್ ಮಾಡಿದ್ದಕ್ಕೆ ಅಂತ ಗೊತ್ತಾದ್ರೆ ಎದುರುಮನೆಯವರ ಮುಖ ಹೇಗೆ ನೋಡ್ಲಿ?"

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದರು ಭಾವ. ಅಡಕೆಯಾದರೂ ನೆಟ್ಟಗೆ ಕೂತಿರುತ್ತದೆ. "ತೆಗೀತೀನಿ, ತೆಗೀತೀನಿ. ಮೊದ್ಲು ನನ್ನ ತೆಗೀರಿ," ಎಂದರು.

ಮೈದಾನದಲ್ಲಿ ಆರು ಹುಡುಗಿಯರು ಸೇರಿ, ಮೂವರು ಒಂದು ಕಾಲು, ಮೂವರು ಇನ್ನೊಂದು ಕಾಲು ಹಿಡಿದು, ಕೋಚಮ್ಮನ ಸೀಟಿ ಸದ್ದಿಗೆ ಎಳೆದು ಭಾವನನ್ನು ಹೊರಗೆ ತಂದರು. ಗುಂಡಿ ಅಲ್ಲೇ ಉಳಿಯಿತು. ಹುಡುಗಿಯರಲ್ಲೊಬ್ಬಳು, "ಅಂಕಲ್, ಇದು ಯಾವ ಆಸನ?" ಎಂದು ಶ್ರದ್ಧೆಯಿಂದ ಕೇಳಿದಳು.

ಸಂಜೆ ಮನೆಗೆ ಬಂದ ಮೇಲೆ ಭಾವ ಕೊಟ್ಟ ಮಾತಿನಂತೆ ಬಲ್ಬು ತೆಗೆಯಲು ಗಾಡಿಯ ಹತ್ತಿರ ಹೋದರು. ಬಗ್ಗಿದರು. ಸೊಂಟ ಅರ್ಧ ದಾರಿಯಲ್ಲೇ ನಿಂತಿತು. ಸುಳ್ಳಿಗೆ ಹೇಳಿದ ಸೊಂಟನೋವು ಈಗ ನಿಜವಾಗಿ ಬಂದಿತ್ತು. ನಾಲ್ಕು ಸಲ ಬಗ್ಗಿ, ನಾಲ್ಕು ಸಲವೂ ಉಸ್ಸಪ್ಪಾ ಎಂದು ನೆಟ್ಟಗಾದರು. ಕೊನೆಗೆ, ಮೋಸ ಮಾಡುವುದಕ್ಕೆ ತಮ್ಮ ಆತ್ಮಸಾಕ್ಷಿ ಒಪ್ಪುತ್ತಿಲ್ಲ ಎಂದು ತೀರ್ಮಾನಿಸಿ, ಮುಲಾಮು ಹಚ್ಚಿಕೊಂಡು ಮಲಗಿದರು.

ಬೆಳಿಗ್ಗೆ ವೋಲ್ಟಣ್ಣ ಪೆಟ್ಟಿಗೆ ಹಿಡಿದು ಬಂದ. ಗಾಡಿಯ ಸುತ್ತ ಎಲ್ಲರೂ ಸೇರಿದರು. ಡಾಕ್ಟರು ಎರಡು ಕೈ ಕಟ್ಟಿ ನಿಂತರು. ಕೋಚಮ್ಮ ಭಾವನ ಕಡೆ ನೋಡಿ ಹುಬ್ಬು ಹಾರಿಸಿದರು. ಭಾವ ಆಕಾಶ ನೋಡಿದರು. ಅಕ್ಕ ಏನಾಗುತ್ತದೋ ನೋಡೋಣವೆಂದು ಸೌಟು ಹಿಡಿದೇ ಬಂದಿದ್ದರು.

"ಬಿಚ್ಚೋಕೆ ಮುಂಚೆ ಒಂದ್ಸಲ ನೋಡ್ಬಿಡೋಣ," ಎಂದು ವೋಲ್ಟಣ್ಣ ಕೀ ತಿರುಗಿಸಿದ. ಕೆಂಪು ದೀಪ ಹತ್ತಿತು. ಅವನು ಆರಿಸಿ ಮತ್ತೆ ತಿರುಗಿಸಿದ. ಮತ್ತೆ ಹತ್ತಿತು. ಮೆಲ್ಲಗೆ ಎಂಜಿನ್ ಶುರುಮಾಡಿದ, ಮೀಟರು ಇಟ್ಟ. ಹದಿನಾಲ್ಕು. ಒಂದು ಕ್ಷಣ ಇಂಗು ತಿಂದ ಮಂಗನಂತೆ ನಿಂತಿದ್ದು, ಮರುಕ್ಷಣ ಮೀಸೆ ತಿರುವಿದ.

"ಕೆಲವು ಗಾಡಿ ಹಾಗೇ ಸಾರ್. ನನ್ನ ಸ್ಕ್ರೂಡ್ರೈವರ್ ನೋಡಿದ್ರೆ ಸಾಕು, ಹೆದರಿ ಸರಿಯಾಗ್ಬಿಡುತ್ತೆ."

ಎಲ್ಲವೂ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಅಕ್ಕ ದೀಪವನ್ನು ನೋಡಿಬಿಟ್ಟಿದ್ದರು. "ಅಯ್ಯೋ, ಮತ್ತೆ ಬಂತಲ್ರೀ ಇದು," ಎಂದರು ಗಂಡನಿಗೆ. "ಬುದ್ಧಿ ಹೇಳಿ ಹೋಗ್ಸಿದ್ರಲ್ಲ?"

"ಯಾವುದಕ್ಕೆ ಬುದ್ಧಿ ಹೇಳಿದ್ರು?" ಎಂದರು ಡಾಕ್ಟರು.

"ಈ ಕೆಂಪು ದೀಪಕ್ಕೆ. ಇವರು ಬುದ್ಧಿ ಹೇಳಿದ್ಮೇಲೆ ಹತ್ತೇ ಇರ್ಲಿಲ್ಲ."

ಡಾಕ್ಟರು ನಿಧಾನವಾಗಿ ಭಾವನ ಕಡೆ ತಿರುಗಿದರು. ಭಾವ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕೋಚಮ್ಮ ತಡೆಯಲಾರದೆ, "ತೆಗೀತೀನಿ ಅಂದಿದ್ರಲ್ಲ ಅಣ್ಣ," ಎಂದುಬಿಟ್ಟರು. ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು.

"ನಿಂಗೂ ಗೊತ್ತಿತ್ತಾ?"

"ನಿನ್ನೆಯಿಂದ ಅಷ್ಟೇ ರೀ."

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಭಾವ ಎರಡನೆಯ ಸಲ ಎಲ್ಲವನ್ನೂ ಹೇಳಿದರು, ಈ ಸಲ ನೆಟ್ಟಗೆ ನಿಂತು. ಡಾಕ್ಟರು ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಿಡಿಲು ಈಗ ಬೀಳುತ್ತದೆ, ಆಗ ಬೀಳುತ್ತದೆ ಎಂದು ಎಲ್ಲರೂ ಕಾದರು.

"ಅಂದ್ರೆ, ನಾನು ಓಡ್ಸೋದ್ರಲ್ಲಿ ತಪ್ಪೇನೂ ಇರ್ಲಿಲ್ಲ," ಎಂದರು ಡಾಕ್ಟರು.

"ಇರ್ಲಿಲ್ಲ," ಎಂದರು ಕೋಚಮ್ಮ ನೆಲ ನೋಡುತ್ತ.

"ಎದುರುಮನೆಗೆ ಕೇಳಿಸ್ಲಿಲ್ಲ."

ಕೋಚಮ್ಮ ಮೈದಾನದ ದನಿಯಲ್ಲಿ ಮತ್ತೊಮ್ಮೆ ಹೇಳಿದರು. ಎದುರುಮನೆಯ ಕಿಟಕಿಯ ಪರದೆ ಅಲುಗಾಡಿತು. ಡಾಕ್ಟರ ಮುಖ ಅರಳಿತು. ಆಮೇಲೆ ಅವರು ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕೀ ತಿರುಗಿಸಿ, ಎಳೆ ರೋಗಿಗೆ ಹೇಳುವಷ್ಟು ಮೆಲ್ಲಗೆ ಹೇಳಿದರು: "ನೋಡಕ್ಕ, ದೀಪ ಹತ್ತಿದ್ರೆ ಗಾಡಿ, ಎದ್ದಿದೀಯೇನಪ್ಪ ಅಂತ ಆಲ್ಟರ್ನೇಟರನ್ನ ಕೇಳ್ತಿದೆ ಅಂತ. ಆರಿದ್ರೆ ಅದು, ಎದ್ದೆನಪ್ಪ, ಇನ್ನು ನಾನು ನೋಡ್ಕೋತೀನಿ ಅಂತ ಉತ್ತರ ಕೊಟ್ಟಿದೆ ಅಂತ."

ಅಕ್ಕ ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಹತ್ತಿಸಿ ಆರಿಸಿ ನೋಡಿದರು. "ಇಷ್ಟೇನಾ? ಇದನ್ನ ಮೊದ್ಲೇ ಯಾರಾದ್ರೂ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?" ಎಂದರು. ಹೆಂಡತಿಗೆ ಎಲ್ಲ ರೀತಿಯಲ್ಲೂ ಸಮಾಧಾನ ಮಾಡಿದ್ದ ಭಾವನಿಗೆ, ಆ ದೀಪ ಯಾಕಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಹೇಳಬೇಕೆಂದರೆ ಅವರಿಗೂ ಗೊತ್ತಿರಲಿಲ್ಲವಲ್ಲ.

ಫೈನಲ್ ದಿನ ಗಾಡಿ ಯಾರದು ಎಂಬ ಪ್ರಶ್ನೆಗೆ ಡಾಕ್ಟರೇ ಉತ್ತರ ಕೊಟ್ಟರು. ತಂಡವನ್ನು ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರು. ಕೋಚಮ್ಮ ತುಟಿ ಕಚ್ಚಿಕೊಂಡು ಒಪ್ಪಿದರು. ಅಂದು ಹುಡುಗಿಯರು, ಬಲೆ, ಚೆಂಡು, ಅಕ್ಕ, ಕೋಚಮ್ಮ ಎಲ್ಲ ಮುಂದೆ ಹಿಂದೆ ತುಂಬಿಕೊಂಡರು. ಸೊಂಟಕ್ಕೆ ಪಟ್ಟಿ ಬಿಗಿದ ಭಾವ ಕಿಟ್‌ಬ್ಯಾಗುಗಳ ಮೇಲೆ ಒರಗಿದವರೇ ಬೀದಿ ದಾಟುವ ಮೊದಲು ನಿದ್ದೆಹೋದರು. ವೋಲ್ಟ್ ಮುಳ್ಳು ಹದಿನಾಲ್ಕರಲ್ಲಿ ನಿಂತಿತ್ತು. ಡಾಕ್ಟರು ಅದನ್ನೇ ನೋಡಿ ನೋಡಿ ಹಿಗ್ಗುತ್ತ, ಎಂದಿಗಿಂತ ಇನ್ನಷ್ಟು ಮೃದುವಾಗಿ ಸಾಗಿದರು. ತಲೆಯ ಮೇಲೆ ಕುರ್ಚಿ ಹೊತ್ತುಕೊಂಡಿದ್ದ ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿ ಮುಂದೆ ಹೋದ.

ಏರು ಬಂದಾಗ ಹುಡುಗಿಯರ ನಾಯಕಿ, "ಸಾರ್, ನಾವು ಇಳಿದು ಓಡ್ಕೊಂಡು ಬರ್ಲಾ?" ಎಂದು ಕೇಳಿದಳು. ಎಲ್ಲರೂ ಇಳಿದರು. ಸಾಲಾಗಿ ಗಾಡಿಯ ಪಕ್ಕದಲ್ಲಿ ಓಡಿದರು, ಮಧ್ಯೆ ನಿಂತು ಗಾಡಿ ಬರುವವರೆಗೆ ಬಸ್ಕಿ ಹೊಡೆದರು, ಮೈದಾನದ ಗೇಟು ಮುಟ್ಟುವ ಹೊತ್ತಿಗೆ ಬೆವರಿ ಹೊಳೆಯುತ್ತಿದ್ದರು. ಎದುರಾಳಿ ತಂಡದವರು ಬಸ್ಸಿನಲ್ಲಿ ಬಂದು ನೆರಳಲ್ಲಿ ಕೂತು ಕಾಲು ಜೋಮು ಹಿಡಿಸಿಕೊಂಡಿದ್ದರು. ಅವರು ಮೈ ಕೊಡವಿ ಏಳುವಷ್ಟರಲ್ಲಿ ಮೊದಲ ಸೆಟ್ ಮುಗಿದಿತ್ತು. ಎರಡನೆಯದರಲ್ಲಿ ಸ್ವಲ್ಪ ಹೋರಾಡಿದರು, ಮೂರನೆಯದರಲ್ಲಿ ಸೋತರು.

ಗೆದ್ದ ಕಪ್ ಹಿಡಿದ ಹುಡುಗಿಯರು ಡಾಕ್ಟರ ಸುತ್ತ ಕುಣಿದರು. ಕೋಚಮ್ಮ ಗಂಡನ ಹತ್ತಿರ ಬಂದು ಕೈ ಚಾಚಿದರು.

"ಕೀ ಕೊಡಿ. ವಾಪಸ್ ನಾನು ಓಡ್ಸ್ತೀನಿ."

"ಯಾಕೆ? ನಾನು ಓಡ್ಸಿದ್ದಕ್ಕೇ ಗೆದ್ದದ್ದು ಅಂತ ಹುಡ್ಗೀರೇ ಕುಣೀತಿದಾರಲ್ಲ."

"ಅದು ಸರಿ ರೀ," ಎಂದರು ಕೋಚಮ್ಮ. "ಆದ್ರೆ ಹುಡ್ಗೀರಿಗೆ ಈಗ ಸುಸ್ತಾಗಿದೆ."